ಆಟಕ್ಕೆ ಕರೆಯುವವರು

ಹಾಸ್ಟೆಲಿನಲ್ಲಿದ್ದು ಓದುವ ವಿದ್ಯಾರ್ಥಿಗಳನ್ನು ನಿಲ್ಲಿಸಿ, ನಿನ್ನೆ ಸಂಜೆ ಆಡಲು ಏಕೆ ಹೋದಿರಿ ಎಂದು ಕೇಳಿದರೆ, ಆರೋಗ್ಯಕ್ಕಾಗಿ ಎಂಬ ಉತ್ತರ ಬರುವುದು ಅಪರೂಪ. ‘ಪಕ್ಕದ ರೂಮಿನವರು ಹೊರಟಿದ್ದರು, ನಾನೂ ಹೋದೆ’ ಎಂದು ಒಬ್ಬರು ಹೇಳುತ್ತಾರೆ. ‘ಡಬಲ್ಸಿಗೆ ಒಬ್ಬರು ಕಡಿಮೆ ಇದ್ದರು’ ಎಂದು ಇನ್ನೊಬ್ಬರು. ಹೋಗದೆ ಉಳಿದವರನ್ನು ಕೇಳಿದರೆ, ಸ್ವಲ್ಪ ತಡವರಿಸಿ, ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಹಲವು ವರ್ಷ ಹಾಸ್ಟೆಲುಗಳಲ್ಲಿ ಕಳೆದು, ಆಮೇಲೂ ವಿದ್ಯಾರ್ಥಿಗಳ ನಡುವೆಯೇ ಕೆಲಸ ಮಾಡುತ್ತ ಅವರ ಸಂಜೆಗಳನ್ನು ಹತ್ತಿರದಿಂದ ನೋಡುತ್ತ ಬಂದಿರುವ ನನಗೆ ಈ ಉತ್ತರಗಳಲ್ಲೇ ಇಡೀ ವಿಷಯದ ಬೇರು ಇದೆ ಎನ್ನಿಸುತ್ತದೆ. ವಿದ್ಯಾರ್ಥಿನಿಲಯದಲ್ಲಿ ಆಟದ ಅಭ್ಯಾಸವೆಂಬುದು ಒಬ್ಬೊಬ್ಬರ ಛಲಕ್ಕಿಂತ ಹೆಚ್ಚಾಗಿ ಕಾರಿಡಾರಿಗೆ ಸೇರಿದ್ದು. ಯಾರ ಬಾಗಿಲನ್ನು ಯಾರು ತಟ್ಟುತ್ತಾರೆ ಎಂಬುದರ ಮೇಲೆ ಯಾರು ಆಡುತ್ತಾರೆ ಎಂಬುದು ನಿಂತಿದೆ.

ಬಾಗಿಲುಗಳ ನಡುವಿನ ಅಂತರ ಗೆಳೆತನವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನು ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ ಎಂಬ ಸಂಶೋಧಕರು 1950ರಲ್ಲೇ ತೋರಿಸಿಕೊಟ್ಟಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳಿಗಾಗಿ ಕಟ್ಟಿದ್ದ ವಸತಿಗಳಲ್ಲಿ ಅವರು ನಡೆಸಿದ ಅಧ್ಯಯನದ ಪ್ರಕಾರ, ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸುವ ಸಂಭವ ಶೇ. 41ರಷ್ಟಿದ್ದರೆ, ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹಾಗೆ ಹೆಸರಿಸುವ ಸಂಭವ ಶೇ. 10ಕ್ಕೆ ಇಳಿದಿತ್ತು. ಮೆಟ್ಟಿಲಿನ ಬುಡದಲ್ಲಿ ಮನೆಯಿದ್ದವರಿಗೆ ಮೇಲಿನ ಮಹಡಿಯಲ್ಲೂ ಹೆಚ್ಚು ಗೆಳೆಯರಿದ್ದರು. ಅವರು ಕೇಳಿದ್ದು ಗೆಳೆತನದ ಬಗ್ಗೆ. ಆದರೆ ಹಾಸ್ಟೆಲಿನಲ್ಲಿ ವಾಸಿಸಿದ ಯಾರಿಗಾದರೂ ಈ ಮಾತು ಆಟಕ್ಕೂ ಹೊಂದುತ್ತದೆ ಎಂದು ತಕ್ಷಣ ತಿಳಿಯುತ್ತದೆ. ಮೆಟ್ಟಿಲಿನ ಪಕ್ಕದ ರೂಮಿನಲ್ಲಿರುವವರ ಎದುರಿನಿಂದಲೇ ಚೆಂಡು, ನೆಟ್ಟು, ಬ್ಯಾಟುಗಳೆಲ್ಲ ಕೆಳಗಿಳಿಯುತ್ತವೆ. ಬಾಗಿಲು ಅರ್ಧ ತೆರೆದಿದ್ದರೂ ಸಾಕು, ‘ಬರ್ತೀರಾ?’ ಎಂದು ಒಬ್ಬರಾದರೂ ಕೇಳುತ್ತಾರೆ. ಕಾರಿಡಾರಿನ ಕೊನೆಯ ರೂಮಿನಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತವರಿಗೆ ಆ ಪ್ರಶ್ನೆ ಎದುರಾಗುವುದೇ ಇಲ್ಲ, ಮತ್ತು ಒಂದು ವರ್ಷ ಹೀಗೆಯೇ ಕಳೆದರೆ ಅವರು ‘ಆಟಕ್ಕೆ ಬಾರದವರು’ ಎಂಬ ಹೆಸರು ಪಡೆದುಬಿಡುತ್ತಾರೆ. ಆ ಹೆಸರನ್ನು ಅವರು ತಾವೇ ಆರಿಸಿಕೊಂಡಿರುವುದಿಲ್ಲ.

ಈ ಹತ್ತಿರವಾಸದ ಪ್ರಭಾವ ಎರಡೂ ಕಡೆಗೆ ಎಳೆಯಬಲ್ಲದು. ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಹೊಸ ವಿದ್ಯಾರ್ಥಿಗಳನ್ನು ಸುಮಾರು 30 ಜನರ ತಂಡಗಳಾಗಿ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ತಂಡದವರು ಒಟ್ಟಿಗೇ ವಾಸಿಸುತ್ತಾರೆ, ಒಟ್ಟಿಗೇ ಊಟ ಮಾಡುತ್ತಾರೆ. ಯಾರ ಜೊತೆ ಇರಬೇಕೆಂಬುದು ಅವರ ಆಯ್ಕೆಯಲ್ಲವಾದ್ದರಿಂದ, ಒಬ್ಬರ ದೇಹಕ್ಷಮತೆ ಇನ್ನೊಬ್ಬರದನ್ನು ಹೇಗೆ ಬದಲಿಸುತ್ತದೆ ಎಂದು ನೋಡಲು ಅದು ಹೇಳಿ ಮಾಡಿಸಿದಂಥ ಜಾಗ. ಸ್ಕಾಟ್ ಕ್ಯಾರೆಲ್, ಮಾರ್ಕ್ ಹೋಕ್‌ಸ್ಟ್ರಾ ಮತ್ತು ಜೇಮ್ಸ್ ವೆಸ್ಟ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗಾರರ ದೇಹಕ್ಷಮತೆ ವಿದ್ಯಾರ್ಥಿಯ ದೇಹಕ್ಷಮತೆಯನ್ನು ನಿಜಕ್ಕೂ ಬದಲಿಸುತ್ತದೆ ಎಂದು ಕಂಡುಬಂತು. ಅದರಲ್ಲೂ ತೀರ ಕಡಿಮೆ ಕ್ಷಮತೆಯ ಜೊತೆಗಾರರು ಉಳಿದವರನ್ನು ತಮ್ಮತ್ತ ಎಳೆಯುವ ಬಲ ಹೆಚ್ಚಾಗಿತ್ತು. ವ್ಯಾಯಾಮ ಕಡ್ಡಾಯವಾಗಿರುವ ಸೇನಾ ಅಕಾಡೆಮಿಯಲ್ಲೇ ಹೀಗಾದರೆ, ಯಾರೂ ಕೇಳದ, ಯಾರೂ ಹಾಜರಿ ಹಾಕದ ಸಾಮಾನ್ಯ ವಿದ್ಯಾರ್ಥಿನಿಲಯದಲ್ಲಿ ಆ ಎಳೆತ ಎಷ್ಟಿರಬಹುದೆಂದು ಊಹಿಸಬಹುದು. ಸಂಜೆಯಾದೊಡನೆ ಎಲ್ಲರೂ ಮೊಬೈಲ್ ಹಿಡಿದು ಮಲಗುವ ಮಹಡಿಯಲ್ಲಿ ಒಬ್ಬರೇ ಎದ್ದು ಶೂ ಹಾಕಿಕೊಳ್ಳುವುದು ಸುಲಭವಲ್ಲ. ಹಾಗೆಯೇ, ಐದಾರು ಮಂದಿ ಶೂಗಳ ಸದ್ದು ಮಾಡುತ್ತ ಮೆಟ್ಟಿಲಿಳಿಯುವ ಮಹಡಿಯಲ್ಲಿ ಮಲಗಿಯೇ ಇರುವುದೂ ಸುಲಭವಲ್ಲ.

ವಿದ್ಯಾರ್ಥಿನಿಲಯದ ಆಟಕ್ಕೆ ತನ್ನದೇ ಆದ ಕಾಲಮಾನವೂ ಇದೆ. ತರಗತಿ, ಪ್ರಯೋಗಾಲಯ ಮುಗಿದು ಕತ್ತಲಾಗುವವರೆಗಿನ ಆ ಒಂದೆರಡು ಗಂಟೆ ಮೈದಾನದ್ದು. ರಾತ್ರಿಯೂಟದ ನಂತರದ ಹೊತ್ತು ಒಳಾಂಗಣದ್ದು. ಬೆಳಗಿನ ಹೊತ್ತನ್ನು ಓಟಗಾರರು ಮತ್ತು ಗಾಳಿ ನಿಲ್ಲುವ ಹೊತ್ತಿಗೆ ಕಾಯುವ ಶಟಲ್ ಆಟಗಾರರು ಹಂಚಿಕೊಳ್ಳುತ್ತಾರೆ. ಶಟಲ್ ಕಾಕಿನಲ್ಲಿ ಇರುವುದು 16 ಗರಿ, ತೂಕ 4.74 ಗ್ರಾಂನಿಂದ 5.50 ಗ್ರಾಂ, ಎಲೆ ಅಲುಗುವಷ್ಟು ಗಾಳಿಗೇ ಅದು ದಾರಿ ತಪ್ಪುತ್ತದೆ. ಆದ್ದರಿಂದ ಬಯಲಿನಲ್ಲಿ ಆಡುವವರು ನೈಲಾನ್ ಕಾಕಿಗೆ ಒಗ್ಗಿಕೊಳ್ಳುತ್ತಾರೆ, ಎತ್ತರಕ್ಕೆ ಹೊಡೆಯುವುದನ್ನು ಬಿಟ್ಟು ನೆಟ್ಟಿಗೆ ಸಮೀಪವಾಗಿ ತಗ್ಗಿಸಿ ಹೊಡೆಯುವುದನ್ನು ಕಲಿಯುತ್ತಾರೆ. ಹಾಸ್ಟೆಲಿನ ಹಿಂದಿನ ಖಾಲಿ ಜಾಗದಲ್ಲಿ ಆಟ ಕಲಿತವರನ್ನು ಒಳಾಂಗಣ ಕೋರ್ಟಿಗೆ ತಂದು ನಿಲ್ಲಿಸಿದರೆ, ಅವರ ಆಟದಲ್ಲಿ ಆ ಗಾಳಿ ಇನ್ನೂ ಇರುವುದನ್ನು ನೋಡಬಹುದು.

ಸೆಮಿಸ್ಟರಿನ ಮೊದಲ ವಾರಗಳಲ್ಲಿ ಎಲ್ಲರೂ ಹೊರಗಿರುತ್ತಾರೆ. ಹೊಸಬರಿಗೆ ಗುರುತು ಪರಿಚಯ ಬೇಕು, ಓದಿನ ಹೊರೆ ಇನ್ನೂ ಬಿದ್ದಿರುವುದಿಲ್ಲ, ಸೀನಿಯರುಗಳಿಗೂ ತಂಡಕ್ಕೆ ಜನ ಬೇಕಾಗಿರುತ್ತದೆ. ಮೊದಲ ಟೆಸ್ಟು ಬರುವಷ್ಟರಲ್ಲಿ ಅರ್ಧ ಜನ ಉದುರಿರುತ್ತಾರೆ. ಅಭ್ಯಾಸ ಬೇರೂರಲು ಎಷ್ಟು ದಿನ ಬೇಕು ಎಂಬುದರ ಬಗ್ಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. 96 ಜನರ ಮೇಲೆ ನಡೆದ ಆ ಅಧ್ಯಯನದಲ್ಲಿ ಒಂದು ಕ್ರಿಯೆ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಮಾಂಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಇನ್ನರ್ಧ ಜನರಿಗೆ ಅದಕ್ಕಿಂತ ಹೆಚ್ಚು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೂ ಬದಲಾಗುತ್ತಿತ್ತು. ಒಂದು ಲೋಟ ನೀರು ಕುಡಿಯುವಂಥ ಸರಳ ಕೆಲಸಕ್ಕಿಂತ ವ್ಯಾಯಾಮ ಅಭ್ಯಾಸವಾಗಲು ಹೆಚ್ಚು ಕಾಲ ಬೇಕಾಗುತ್ತದೆ ಎಂಬುದೂ ಅಲ್ಲಿ ಕಂಡುಬಂತು. ಆ ಲೆಕ್ಕ ಹಿಡಿದರೆ, ಸೆಮಿಸ್ಟರ್ ಆರಂಭದಲ್ಲಿ ಹುಟ್ಟಿದ ಉತ್ಸಾಹ ಅಭ್ಯಾಸವಾಗಿ ಗಟ್ಟಿಯಾಗುವ ಮೊದಲೇ ಪರೀಕ್ಷೆ ಬಂದು ಅದನ್ನು ಕತ್ತರಿಸುತ್ತದೆ. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗುವುದಿಲ್ಲ. ಪರೀಕ್ಷೆಯ ಹದಿನೈದು ದಿನ ಪೂರ್ತಿ ನಿಲ್ಲಿಸಿಬಿಡುವವರಿಗೂ, ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಕೆಳಗಿಳಿದು ಬರುವವರಿಗೂ ಮುಂದಿನ ಸೆಮಿಸ್ಟರಿನಲ್ಲಿ ಎದ್ದು ಕಾಣುವ ವ್ಯತ್ಯಾಸವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲ ಗುಂಪಿನವರು ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಗುತ್ತದೆ, ಅನೇಕರು ಮಾಡುವುದೇ ಇಲ್ಲ.

ಹಾಸ್ಟೆಲಿನ ಆಟದ ಒಳಗುಟ್ಟು ತಿಳಿಯಬೇಕಾದರೆ ಟಿಟಿ (ಟೇಬಲ್ ಟೆನಿಸ್) ಟೇಬಲ್ಲಿನ ಬಳಿ ಒಂದು ಸಂಜೆ ಸುಮ್ಮನೆ ನಿಂತು ನೋಡಬೇಕು. ಕಾಮನ್ ರೂಮಿನ ಮಧ್ಯೆ 2.74 ಮೀಟರ್ ಉದ್ದ, 1.525 ಮೀಟರ್ ಅಗಲದ ಆ ಮೇಜು. ಮೂಲೆಗಳಲ್ಲಿ ಬಣ್ಣ ಹೋಗಿ ಹಲಗೆ ಕಾಣುತ್ತಿರುತ್ತದೆ, ನೆಟ್ಟಿನ ಒಂದು ಕಡೆಯ ಸ್ಕ್ರೂ ಸಡಿಲವಾಗಿ ಆ ಬದಿಯಲ್ಲಿ ನೆಟ್ಟು ಒಂದಿಷ್ಟು ಜೋತಿರುತ್ತದೆ, ಮತ್ತು ನಿತ್ಯ ಆಡುವವರಿಗೆ ಆ ತಗ್ಗು ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಬ್ಯಾಟುಗಳ ರಬ್ಬರ್ ಅಂಚಿನಲ್ಲಿ ಎದ್ದಿರುತ್ತದೆ. ಚೆಂಡು ಒಂದೋ ಎರಡೋ. 40 ಮಿಲಿಮೀಟರ್ ವ್ಯಾಸದ, 2.7 ಗ್ರಾಂ ತೂಕದ ಆ ಚೆಂಡನ್ನು ಯಾರೋ ಕಾಲಿನಲ್ಲಿ ತುಳಿದು ತಗ್ಗು ಬಿದ್ದರೆ, ಬಿಸಿ ನೀರಿನ ಲೋಟದಲ್ಲಿ ಅದ್ದಿ ಹಿಡಿಯುತ್ತಾರೆ. ಒಳಗಿನ ಗಾಳಿ ಹಿಗ್ಗಿ ತಗ್ಗು ಮೇಲೇಳುತ್ತದೆ. ಬಿರುಕು ಬಿಟ್ಟರೆ ಮಾತ್ರ ಏನೂ ಮಾಡಲಾಗದು. ಪುಟಿಯುವಾಗ ಸದ್ದು ಬದಲಾಗುತ್ತದೆ, ಕಣ್ಣು ಮುಚ್ಚಿಕೊಂಡಿದ್ದವರಿಗೂ ಚೆಂಡು ಹೋಯಿತೆಂದು ತಿಳಿಯುತ್ತದೆ. ಇನ್ನೊಂದು ಚೆಂಡು ಇಲ್ಲದಿದ್ದರೆ ಆ ಸಂಜೆಯ ಆಟ ಅಲ್ಲಿಗೇ ಮುಗಿಯಿತು. ಇಡೀ ಕಟ್ಟಡದ ಒಂದು ಸಂಜೆ ಅಂಥ ಸಣ್ಣ ವಸ್ತುವಿನ ಮೇಲೆ ನಿಂತಿದೆ ಎಂಬುದು ಆಡಳಿತ ನಡೆಸುವವರ ಗಮನಕ್ಕೆ ಬರುವುದೇ ಕಡಿಮೆ. ದೊಡ್ಡ ಜಿಮ್ ಕಟ್ಟಿಸಲು ಯೋಜನೆ ಹಾಕುವವರು ಡಜನ್ ಚೆಂಡು ಕಪಾಟಿನಲ್ಲಿ ಇಡುವುದನ್ನು ಮರೆಯುತ್ತಾರೆ.

ಈ ಮೇಜಿನ ಸುತ್ತ ನಡೆಯುವ ಆಟದ ನಿಯಮ ಬಹುತೇಕ ಎಲ್ಲ ಕಡೆಯೂ ಒಂದೇ: ಗೆದ್ದವರು ಉಳಿಯುತ್ತಾರೆ, ಸೋತವರು ಬ್ಯಾಟ್ ಕೊಟ್ಟು ಸಾಲಿನ ಕೊನೆಗೆ ಹೋಗುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಲೆಕ್ಕ ಹಾಕಿ ನೋಡಿದಾಗ ಬೇರೆಯೇ ಚಿತ್ರ ಕಾಣುತ್ತದೆ. ಎಂಟು ಮಂದಿ ಸೇರಿದ್ದಾರೆ, 11 ಅಂಕದ ಒಂದು ಗೇಮಿಗೆ ಐದು ನಿಮಿಷ ಎಂದಿಟ್ಟುಕೊಳ್ಳೋಣ. ಗಂಟೆಗೆ 12 ಗೇಮ್. ಎಲ್ಲರಿಗಿಂತ ಚೆನ್ನಾಗಿ ಆಡುವವರು ಹನ್ನೆರಡನ್ನೂ ಆಡುತ್ತಾರೆ. ಉಳಿದ ಏಳು ಮಂದಿಗೆ ತಲಾ ಒಂದೋ ಎರಡೋ ಗೇಮ್ ಸಿಗುತ್ತದೆ. ಒಮ್ಮೆ ಸೋತವರು ಮತ್ತೆ ಬ್ಯಾಟ್ ಹಿಡಿಯುವ ಮೊದಲು ಅರ್ಧ ಗಂಟೆ ಗೋಡೆಗೊರಗಿ ನಿಲ್ಲಬೇಕು. ಅಂದರೆ ಯಾರಿಗೆ ಅಭ್ಯಾಸದ ಅಗತ್ಯ ಅತಿ ಹೆಚ್ಚೋ ಅವರಿಗೆ ಅತಿ ಕಡಿಮೆ ಆಟ. ಅರ್ಧ ಗಂಟೆ ಕಾದು, ಐದು ನಿಮಿಷ ಆಡಿ, 11–2ರಲ್ಲಿ ಸೋತು, ಮತ್ತೆ ಅರ್ಧ ಗಂಟೆ ಕಾಯುವ ಹೊಸಬರು ಎಷ್ಟು ದಿನ ಬರುತ್ತಾರೆ? ಹಿಂದೆ ಗೇಮಿಗೆ 21 ಅಂಕ ಇದ್ದಾಗ ಈ ಕಾಯುವಿಕೆ ಇನ್ನೂ ದೀರ್ಘವಾಗಿತ್ತು. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ 2001ರಲ್ಲಿ ಅದನ್ನು 11ಕ್ಕೆ ಇಳಿಸಿತು. ಆ ಬದಲಾವಣೆ ಬಂದದ್ದು ಹಾಸ್ಟೆಲಿನವರಿಗಾಗಿ ಅಲ್ಲವಾದರೂ ಅದರ ಲಾಭ ಸಾಲಿನಲ್ಲಿ ನಿಂತವರಿಗೂ ಸಿಕ್ಕಿತು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ, ಮತ್ತು ಅದನ್ನು ವಿದ್ಯಾರ್ಥಿಗಳೇ ಕಂಡುಕೊಂಡಿರುವುದನ್ನು ನಾನು ನೋಡಿದ್ದೇನೆ. ಗೆದ್ದವರೂ ಸತತ ಎರಡು ಗೇಮಿನ ನಂತರ ಇಳಿಯಬೇಕು ಎಂಬ ಒಂದೇ ಒಂದು ಒಪ್ಪಂದ ಸಾಲಿನ ಓಟವನ್ನೇ ಬದಲಿಸುತ್ತದೆ. ಡಬಲ್ಸ್ ಆಡಿ, ಪ್ರತಿ ಗೇಮಿನ ಕೊನೆಗೆ ಎರಡೂ ಜೋಡಿ ಇಳಿದರೆ, ಅದೇ ಎಂಟು ಮಂದಿಯಲ್ಲಿ ಪ್ರತಿಯೊಬ್ಬರಿಗೂ ಗಂಟೆಗೆ ಅರ್ಧ ಗಂಟೆ ಆಟ ಸಿಗುತ್ತದೆ. ಚೆನ್ನಾಗಿ ಆಡುವವರ ಜೊತೆ ಹೊಸಬರನ್ನು ಜೋಡಿ ಮಾಡಿದರೆ ಆಟವೂ ಸಮವಾಗುತ್ತದೆ, ಕಲಿಕೆಯೂ ನಡೆಯುತ್ತದೆ. ಒಳ್ಳೆಯ ಆಟಗಾರರಿಗೆ ಇದರಿಂದ ಸ್ವಲ್ಪ ನಷ್ಟವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ತಮ್ಮ ಮಟ್ಟದ ಆಟ ಅವರಿಗೂ ಬೇಕು. ವಾರದಲ್ಲಿ ಒಂದು ಸಂಜೆಯನ್ನು ಅದಕ್ಕೇ ಬಿಟ್ಟುಕೊಟ್ಟರೆ ಯಾರಿಗೂ ತಕರಾರಿರುವುದಿಲ್ಲ. ಉಳಿದ ಸಂಜೆಗಳಲ್ಲಿ ಮೇಜು ಎಲ್ಲರದ್ದಾಗಿರಬೇಕು ಎಂಬುದರಲ್ಲಿ ಮಾತ್ರ ನನಗೆ ಎರಡು ಮಾತಿಲ್ಲ.

ಇರುವ ಜಾಗಕ್ಕೆ, ಬಂದಿರುವ ಜನಕ್ಕೆ ತಕ್ಕಂತೆ ನಿಯಮವನ್ನೇ ಹೊಂದಿಸಿಕೊಳ್ಳುವುದು ಒಟ್ಟಿಗೆ ವಾಸಿಸುವ ವಿದ್ಯಾರ್ಥಿಗಳಿಗೆ ಹೊಸದಲ್ಲ. ಇಂದಿನ ಫುಟ್ಬಾಲಿನ ನಿಯಮಗಳ ಮೂಲ ಹುಡುಕುತ್ತ ಹೋದರೆ ಕೇಂಬ್ರಿಡ್ಜಿನ ವಿದ್ಯಾರ್ಥಿಗಳ ಕೊಠಡಿಗೆ ತಲುಪುತ್ತೇವೆ. ಬೇರೆ ಬೇರೆ ಶಾಲೆಗಳಿಂದ ಬಂದಿದ್ದವರು ತಂತಮ್ಮ ಶಾಲೆಯ ನಿಯಮದಂತೆ ಆಡಲು ಹೋಗಿ, ಒಬ್ಬರು ಚೆಂಡನ್ನು ಕೈಯಲ್ಲಿ ಹಿಡಿದರೆ ಇನ್ನೊಬ್ಬರು ಅದು ತಪ್ಪೆಂದು ಕೂಗುವ ಸ್ಥಿತಿ ಉಂಟಾಗಿತ್ತು. 1848ರಲ್ಲಿ ಅವರ ಪ್ರತಿನಿಧಿಗಳು ಒಂದು ಕೊಠಡಿಯಲ್ಲಿ ಸೇರಿ ಎಲ್ಲರಿಗೂ ಒಪ್ಪುವ ನಿಯಮಗಳನ್ನು ಬರೆದರು. ಸಂಜೆ 4ಕ್ಕೆ ಕುಳಿತವರು ಎದ್ದಾಗ ಮಧ್ಯರಾತ್ರಿ ಸಮೀಪಿಸಿತ್ತು ಎಂದು ಅಲ್ಲಿದ್ದ ಎಚ್. ಸಿ. ಮಾಲ್ಡನ್ ಮುಂದೆ ನೆನಪಿಸಿಕೊಂಡಿದ್ದಾರೆ. 1863ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ತನ್ನ ನಿಯಮಗಳನ್ನು ರೂಪಿಸಿದಾಗ ಕೇಂಬ್ರಿಡ್ಜಿನ ನಿಯಮಗಳ ಪ್ರಭಾವ ಅದರ ಮೇಲೆ ದೊಡ್ಡದಾಗಿಯೇ ಇತ್ತು. ಬಾಸ್ಕೆಟ್‌ಬಾಲ್ ಹುಟ್ಟಿದ್ದೂ ವಿದ್ಯಾರ್ಥಿಗಳನ್ನು ಸಂಭಾಳಿಸುವ ಅಗತ್ಯದಿಂದಲೇ. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ತರಗತಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆಸಿ, 13 ನಿಯಮಗಳನ್ನು ಬರೆದು ಅಂಟಿಸಿದರು. ಇಂದಿನ ಹಾಸ್ಟೆಲುಗಳಲ್ಲಿಯೂ ಅದೇ ಜಾಣ್ಮೆ ನಡೆದಿದೆ: ಗಾಜು ಒಡೆಯದ ಹಾಗೆ ನೆಲಕ್ಕೆ ತಾಗಿ ಹೋಗುವ ಹೊಡೆತಕ್ಕೆ ಮಾತ್ರ ಅಂಕ, ಗೋಡೆ ದಾಟಿಸಿದರೆ ಔಟ್, ಚೆಂಡನ್ನು ತರುವ ಹೊಣೆಯೂ ದಾಟಿಸಿದವರದೇ. ನಾಲ್ಕೇ ಜನ ಬಂದ ದಿನ ನಾಲ್ವರ ಆಟ, ಹದಿನಾರು ಜನ ಬಂದ ದಿನ ಹದಿನಾರರ ಆಟ. ಪೂರ್ತಿ ತಂಡ, ಪೂರ್ತಿ ಅಳತೆಯ ಮೈದಾನ, ಪೂರ್ತಿ ಸಲಕರಣೆ ಸಿಗುವವರೆಗೆ ಕಾಯುವ ಹಾಸ್ಟೆಲುಗಳಲ್ಲಿ ಆಟವೇ ನಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಯಾರೂ ಕರೆಯದೆ ಉಳಿದವರ ವಿಷಯಕ್ಕೆ ಬರಲೇಬೇಕು. ಮೈದಾನದ ಸುತ್ತ ಒಂದು ಸಂಜೆ ನಡೆದು ಬಂದರೆ ಯಾರಿದ್ದಾರೆ ಎಂಬುದು ಕಾಣುತ್ತದೆ. ಯಾರಿಲ್ಲ ಎಂಬುದು ಕಾಣಬೇಕಾದರೆ ಹುಡುಕಬೇಕು. ಹೆಣ್ಣುಮಕ್ಕಳು ಮೈದಾನಕ್ಕೆ ಬರುವುದಿಲ್ಲ, ಅವರಿಗೆ ಆಸಕ್ತಿ ಇಲ್ಲ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ ಮತ್ತು ಅದನ್ನು ಒಮ್ಮೆಯೂ ಒಪ್ಪಿಲ್ಲ. ಕೋರ್ಟು ಸಂಜೆ ಐದರಿಂದಲೇ ಹುಡುಗರಿಂದ ತುಂಬಿದ್ದರೆ, ಹುಡುಗಿಯರ ನಿಲಯದ ಗೇಟು ಬೇಗ ಮುಚ್ಚಿದರೆ, ದಾರಿಯ ದೀಪ ಕೆಟ್ಟಿದ್ದರೆ, ಅಂಚಿನಲ್ಲಿ ನಿಂತು ನೋಡುವವರ ಗುಂಪೊಂದು ಸದಾ ಇದ್ದರೆ, ಆಸಕ್ತಿ ಎಲ್ಲಿಂದ ಬರಬೇಕು? ನನಗೆ ಗೊತ್ತಿರುವ ಒಂದು ಕ್ಯಾಂಪಸ್ಸಿನಲ್ಲಿ ವಾರದಲ್ಲಿ ಮೂರು ದಿನ ಸಂಜೆಯ ಒಂದು ಗಂಟೆಯನ್ನು ಹುಡುಗಿಯರಿಗೆಂದೇ ಮೀಸಲಿಟ್ಟರು. ಮೊದಲ ಕೆಲವು ವಾರ ಕೋರ್ಟು ಬಹುಮಟ್ಟಿಗೆ ಖಾಲಿಯಿತ್ತು, ಇದನ್ನು ರದ್ದು ಮಾಡಿ ಎಂಬ ಕೂಗೂ ಎದ್ದಿತು. ಕ್ರೀಡಾ ಸಮಿತಿಯ ವಿದ್ಯಾರ್ಥಿನಿಯೊಬ್ಬಳು ಆ ಕೂಗಿಗೆ ಜಗ್ಗದೆ, ಪ್ರತಿ ಮಹಡಿಯಲ್ಲೂ ಒಬ್ಬೊಬ್ಬರನ್ನು ಗೊತ್ತುಮಾಡಿ, ಅವರು ಹೊರಡುವಾಗ ಸಾಲಾಗಿ ಬಾಗಿಲು ತಟ್ಟಿಕೊಂಡೇ ಹೋಗಬೇಕು ಎಂದು ಏರ್ಪಾಡು ಮಾಡಿದಳು. ಆ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಒಂದು ಗಂಟೆ ಸಾಲದೆ ಎರಡು ಗಂಟೆ ಕೇಳುವ ಸ್ಥಿತಿ ಬಂತು. ಸಮಯ ಮೀಸಲಿಟ್ಟದ್ದು ಅಗತ್ಯವಾಗಿತ್ತು, ಆದರೆ ಅದೊಂದರಿಂದಲೇ ಕೆಲಸ ಆಗಲಿಲ್ಲ.

ಸಂಶೋಧನಾ ವಿದ್ಯಾರ್ಥಿಗಳದು ಇನ್ನೊಂದು ಬಗೆಯ ಗೈರುಹಾಜರಿ. ಪ್ರಯೋಗಾಲಯದಿಂದ ಅವರು ಮರಳುವ ಹೊತ್ತಿಗೆ ಸಂಜೆಯ ಆಟ ಮುಗಿದಿರುತ್ತದೆ, ಜೊತೆಗಾರರು ಪದವಿ ಮುಗಿಸಿ ಹೊರಟುಹೋಗಿರುತ್ತಾರೆ. ಶಾಲೆಯಲ್ಲಿ ಆಟದ ಪಿರಿಯಡ್ಡನ್ನು ಬೇರೆ ಪಾಠಕ್ಕೆ ಕೊಟ್ಟು ಬೆಳೆದು, ಚೆಂಡು ಹಿಡಿಯುವುದನ್ನೇ ಕಲಿಯದೆ ಬಂದವರದು ಮತ್ತೊಂದು ಬಗೆ. ಹದಿನೆಂಟರ ವಯಸ್ಸಿನಲ್ಲಿ ಎಲ್ಲರ ಮುಂದೆ ಮೊದಲ ಬಾರಿಗೆ ಸರ್ವ್ ಮಾಡಿ ನೆಟ್ಟಿಗೆ ಹೊಡೆಯುವ ಮುಜುಗರ ಸಣ್ಣದಲ್ಲ. ಇಂಥವರಿಗೆ ಬೇಕಾಗಿರುವುದು ಟೂರ್ನಮೆಂಟಲ್ಲ. ಹಾಸ್ಟೆಲಿನ ಕ್ರೀಡಾ ನಿಧಿಯ ಬಹುಪಾಲು ಅಂತರನಿಲಯ ಪಂದ್ಯಗಳ ಜೆರ್ಸಿ, ಟ್ರೋಫಿಗಳಿಗೆ ಖರ್ಚಾಗುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ತಂಡಕ್ಕೆ ಆಯ್ಕೆಯಾಗುವ ಹತ್ತು ಹನ್ನೆರಡು ಮಂದಿ ಹೇಗಿದ್ದರೂ ಆಡುವವರೇ. ಉಳಿದ ನೂರಾರು ಜನ ಗ್ಯಾಲರಿಯಲ್ಲಿ ಕುಳಿತು ಕೂಗಿ, ಮರುದಿನ ಮತ್ತೆ ರೂಮು ಸೇರುತ್ತಾರೆ.

ದೇಹದ ಲೆಕ್ಕವನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಚಟುವಟಿಕೆ ಬೇಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ನಿಜವಾಗಿ ಓಡಾಡಿ ಆಡುವ ಒಂದು ಗಂಟೆಯ ಫುಟ್ಬಾಲ್ ವಾರಕ್ಕೆ ಎರಡು ಸಲ ಇದ್ದರೆ ಮೊದಲ ಭಾಗ ತುಂಬುತ್ತದೆ. ಗೋಡೆಗೊರಗಿ ಸರದಿಗೆ ಕಾಯುವ ಹೊತ್ತು ಈ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ಮರೆಯಬಾರದು. ರಾತ್ರಿ ಆಡಿದರೆ ನಿದ್ದೆ ಕೆಡುತ್ತದೆ ಎಂಬ ವಾರ್ಡನ್‌ಗಳ ಆತಂಕಕ್ಕೂ ಅರ್ಧ ಉತ್ತರವಿದೆ: 23 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ, 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸಂಜೆಯ ವ್ಯಾಯಾಮ ಒಟ್ಟಾರೆ ನಿದ್ದೆಯನ್ನು ಕೆಡಿಸುವುದಿಲ್ಲ; ಮಲಗುವ ಮುಂಚಿನ ಒಂದು ಗಂಟೆಯೊಳಗೆ ಮುಗಿಯುವ ಬಿರುಸಿನ ಆಟ ಮಾತ್ರ ತೊಂದರೆ ಕೊಡಬಹುದು. ಗಾಯಗಳಲ್ಲಿ ಹಾಸ್ಟೆಲಿನವರನ್ನು ಹೆಚ್ಚು ಕಾಡುವುದು ಕಾಲಿನ ಗಿಣ್ಣು ಉಳುಕುವುದು. ಚಪ್ಪಲಿಯಲ್ಲೋ ಬರಿಗಾಲಲ್ಲೋ ಕಾಂಕ್ರೀಟಿನ ಮೇಲೆ ಎಗರಿ, ಇನ್ನೊಬ್ಬರ ಪಾದದ ಮೇಲೆ ಇಳಿದರೆ ಗಿಣ್ಣು ಹೊರಳುತ್ತದೆ. ಒಮ್ಮೆ ಉಳುಕಿದ ಗಿಣ್ಣು ಮತ್ತೆ ಉಳುಕುವ ಸಂಭವ ಹೆಚ್ಚು. ಊತ ಇಳಿದ ಮಾತ್ರಕ್ಕೆ ಮರಳಿ ಆಡಲು ಹೋಗದೆ, ಒಂಟಿ ಕಾಲಿನಲ್ಲಿ ಅಲುಗದೆ ನಿಲ್ಲುವ ಸಮತೋಲನದ ಅಭ್ಯಾಸವನ್ನು ಕೆಲವು ವಾರ ಮಾಡುವುದು ಒಳ್ಳೆಯದು.

ಆದರೆ ಹಾಸ್ಟೆಲಿನ ಆ ಕೆಲವು ವರ್ಷಗಳಲ್ಲಿ ಎಷ್ಟು ಆಡಿದಿರಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಹಾರ್ವರ್ಡ್ ವಿಶ್ವವಿದ್ಯಾಲಯವನ್ನು 1916ರಿಂದ 1950ರ ನಡುವೆ ಸೇರಿದ್ದ 16,936 ಹಳೆಯ ವಿದ್ಯಾರ್ಥಿಗಳನ್ನು ರಾಲ್ಫ್ ಪ್ಯಾಫೆನ್‌ಬಾರ್ಗರ್ ಮತ್ತು ಸಂಗಡಿಗರು ಬಹುಕಾಲ ಗಮನಿಸಿ 1978ರಲ್ಲಿ ವರದಿ ಪ್ರಕಟಿಸಿದರು. ವಾರಕ್ಕೆ 2,000 ಕಿಲೋಕ್ಯಾಲರಿಗಿಂತ ಕಡಿಮೆ ಶ್ರಮ ಪಡುತ್ತಿದ್ದವರಿಗೆ, ಅದಕ್ಕಿಂತ ಹೆಚ್ಚು ಪಡುತ್ತಿದ್ದವರಿಗಿಂತ ಹೃದಯಾಘಾತದ ಅಪಾಯ ಶೇ. 64ರಷ್ಟು ಹೆಚ್ಚಿತ್ತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ವಿದ್ಯಾರ್ಥಿಯಾಗಿದ್ದಾಗ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಹೆಸರು ಮಾಡಿದ್ದವರೂ ಆಮೇಲೆ ಆಟ ಬಿಟ್ಟಿದ್ದರೆ ಆ ಹಳೆಯ ಆಟ ಅವರ ಹೃದಯವನ್ನು ಕಾಪಾಡಲಿಲ್ಲ. ಆಗ ಯಾವ ತಂಡದಲ್ಲೂ ಇಲ್ಲದಿದ್ದು, ಮುಂದೆ ಚಟುವಟಿಕೆ ಉಳಿಸಿಕೊಂಡವರಿಗೆ ಅದರ ಫಲ ಸಿಕ್ಕಿತು. ಆಟದ ಫಲವನ್ನು ಕೂಡಿಟ್ಟುಕೊಳ್ಳಲು ಬರುವುದಿಲ್ಲ ಎಂದಾಯಿತು.

ಹಾಸ್ಟೆಲ್ ಬಿಟ್ಟ ಮೊದಲ ವರ್ಷದಲ್ಲೇ ಬಹಳ ಮಂದಿಯ ಆಟ ನಿಂತುಹೋಗುವುದಕ್ಕೆ ಕಾರಣ ಹುಡುಕುವಾಗ ಕೆಲಸದ ಒತ್ತಡವನ್ನು, ಪ್ರಯಾಣದ ಹೊತ್ತನ್ನು ದೂರುವುದು ರೂಢಿ. ಅವೆಲ್ಲ ನಿಜವೇ. ಆದರೆ ಮೈದಾನ ಮೂರು ನಿಮಿಷದ ದೂರದಲ್ಲಿದ್ದು, ಜೊತೆಗಾರರು ಗೋಡೆಯ ಆಚೆಗಿದ್ದು, ಹೊತ್ತು ತಾನಾಗಿಯೇ ಎಲ್ಲರಿಗೂ ಒಂದೇ ಆಗಿದ್ದ ಆ ವ್ಯವಸ್ಥೆಯನ್ನು ಅವರು ಕಟ್ಟಿರಲಿಲ್ಲ, ಅದರೊಳಗೆ ಇದ್ದರು ಅಷ್ಟೆ. ಅದು ಇಲ್ಲವಾದಾಗ ಹೊಸದಾಗಿ ಕಟ್ಟುವುದು ಹೇಗೆಂದು ತಿಳಿಯಲಿಲ್ಲ. ಹಾಸ್ಟೆಲಿನ ಆಟಗಾರರಲ್ಲಿ ಯಾರು ಮುಂದೆಯೂ ಆಡುತ್ತ ಉಳಿದರು ಎಂದು ನನ್ನ ಪರಿಚಯದವರನ್ನೇ ಒಬ್ಬೊಬ್ಬರಾಗಿ ನೆನೆದುಕೊಂಡರೆ, ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವರ ಹೆಸರು ಅದರಲ್ಲಿ ಕಡಿಮೆ. ನೆಟ್ಟನ್ನು ರೂಮಿನಲ್ಲಿ ಇಟ್ಟುಕೊಂಡಿದ್ದವರು, ಮಧ್ಯಾಹ್ನವೇ ನಾಲ್ಕು ಜನರಿಗೆ ಮೆಸೇಜ್ ಹಾಕುತ್ತಿದ್ದವರು, ಚೆಂಡು ಒಡೆದರೆ ಎಲ್ಲರಿಂದ ಹಣ ಕೂಡಿಸಿ ತರುತ್ತಿದ್ದವರು, ಬಂದವರು ಕಡಿಮೆಯಾದರೆ ನಿಯಮ ಬದಲಿಸಿ ಆಟ ನಡೆಸುತ್ತಿದ್ದವರು, ಇವರೇ ಹೆಚ್ಚು. ಆಟ ಕೂಡಿಸುವುದೂ ಒಂದು ಕಲಿಕೆಯೇ, ಮತ್ತು ಅದನ್ನು ಕಲಿಯಲು ಹಾಸ್ಟೆಲಿಗಿಂತ ಒಳ್ಳೆಯ ಜಾಗ ಇಲ್ಲ. ಆದ್ದರಿಂದ ಆ ಕೆಲಸವನ್ನು ಒಬ್ಬಿಬ್ಬರ ತಲೆಗೆ ಕಟ್ಟದೆ, ವಾರಕ್ಕೊಬ್ಬರಂತೆ ಸರದಿಯಲ್ಲಿ ಎಲ್ಲರೂ ಮಾಡಬೇಕು ಎಂದು ನಾನು ಭೇಟಿಯಾದ ಕ್ರೀಡಾ ಸಮಿತಿಗಳಿಗೆಲ್ಲ ಹೇಳುತ್ತ ಬಂದಿದ್ದೇನೆ.

ಹುಡುಗಿಯರ ಆಟದ ಹೊತ್ತಿಗಾಗಿ ಮಹಡಿ ಮಹಡಿಗೂ ಒಬ್ಬೊಬ್ಬರನ್ನು ಗೊತ್ತುಮಾಡಿದ್ದ ಆ ವಿದ್ಯಾರ್ಥಿನಿ ಈಗ ಬೇರೊಂದು ನಗರದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ತಾನಿರುವ ವಸತಿ ಸಮುಚ್ಚಯಕ್ಕೆ ಹೋದ ಕೆಲವೇ ದಿನಗಳಲ್ಲಿ, ವಾರಕ್ಕೆ ಎರಡು ದಿನ ಶಟಲ್ ಆಡಲು ಜೊತೆ ಬೇಕು, ಆಡಲು ಬರದಿದ್ದರೂ ಪರವಾಗಿಲ್ಲ ಎಂದು ಲಿಫ್ಟಿನ ಪಕ್ಕ ಚೀಟಿ ಅಂಟಿಸಿದಳಂತೆ. ಮೊದಲ ವಾರ ಇಬ್ಬರು ಬಂದರು, ಅದರ ಮುಂದಿನ ವಾರ ಒಬ್ಬರೇ. ಅವಳು ದಿನ ತಪ್ಪಿಸಲಿಲ್ಲ, ಹೊರಡುವ ಮೊದಲು ಅವರ ಮನೆಗಳ ಗಂಟೆ ಒತ್ತಿ ಕರೆದೇ ಹೋಗುತ್ತಿದ್ದಳು. ಈಗ ಎರಡು ಕೋರ್ಟು ತುಂಬುವಷ್ಟು ಜನ ಸೇರುತ್ತಾರೆ, ಗೆದ್ದ ಜೋಡಿಯೂ ಎರಡು ಗೇಮಿಗೆ ಇಳಿಯಬೇಕೆಂಬ ನಿಯಮ ಅಲ್ಲಿಯೂ ಇದೆ, ಮತ್ತು ಬರುವವರಲ್ಲಿ ಹಲವರು ಅದಕ್ಕೂ ಮುನ್ನ ರಾಕೆಟ್ ಹಿಡಿದೇ ಇರಲಿಲ್ಲವಂತೆ.